ಉಬೆಯ ಶಿಲ್ಪಗಳನ್ನು ನೋಡಲು ಹೊರಡುವ ಮುನ್ನ

ಚಿ. ಪ್ರಸನ್ನನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಉಭಯಕುಶಲೋಪರಿ.

ನೀನಿರುವ ಜಪಾನಿನ ಉಬೆಯಲ್ಲಿ ಕಾರ್ಖಾನೆಗಳ ಹೊರತು ನೋಡುವಂಥದ್ದೇನೂ ಇಲ್ಲವೆಂದೂ, ರಜೆ ಬಂದರೆ ಕ್ಯೋಟೋಗೆ ಹೋಗುವೆನೆಂದೂ ಬರೆದಿದ್ದೀಯೆ. ಕ್ಯೋಟೋಗೆ ಅವಶ್ಯವಾಗಿ ಹೋಗು. ಆದರೆ ಸಿಮೆಂಟ್ ತಯಾರಿಕೆಯ ತರಬೇತಿಗೆಂದು ಆ ಊರಿನಲ್ಲಿ ಮೂರು ತಿಂಗಳಿದ್ದ ನಾನೂ ಹೀಗೆಯೇ ತಿಳಿದು ಮೊದಲ ಎರಡು ತಿಂಗಳನ್ನು ಕಳೆದುಕೊಂಡೆ. ಆ ನಷ್ಟ ನಿನಗಾಗಬಾರದೆಂದು ಇಷ್ಟು ಬರೆಯುತ್ತಿದ್ದೇನೆ.

ಉಬೆ ಕಲ್ಲಿದ್ದಲಿನಿಂದ ಬೆಳೆದ ಊರು. ಅಲ್ಲಿನ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು; ಯುದ್ಧದ ನಂತರ ಕಾರ್ಖಾನೆಗಳು ಅದನ್ನೇ ಉರಿಸಿದ್ದರಿಂದ 1951ರಲ್ಲಿ ಪ್ರತಿ ಚದರ ಕಿಲೋಮೀಟರಿಗೆ ತಿಂಗಳಿಗೆ ಸುಮಾರು 56 ಟನ್ ಧೂಳು ಊರಿನ ಮೇಲೆ ಉದುರುತ್ತಿತ್ತು. ನಗರಾಡಳಿತ, ಕಾರ್ಖಾನೆಗಳು, ವಿಶ್ವವಿದ್ಯಾಲಯದ ತಜ್ಞರು, ನಾಗರಿಕರು ಒಟ್ಟಿಗೆ ಕುಳಿತು, ಧೂಳಿನ ಅಳತೆಯನ್ನು ಮುಚ್ಚಿಡದೆ ಎಲ್ಲರ ಮುಂದಿಟ್ಟು, ಅದನ್ನು ವರ್ಷ ವರ್ಷಕ್ಕೂ ತಗ್ಗಿಸಿದರು. ಅದರ ಜೊತೆಯಲ್ಲೇ ಊರಿನಲ್ಲಿ ಗಿಡ ನೆಡುವ, ಹೂ ಬೆಳೆಸುವ ಚಳವಳಿ ನಡೆಯಿತು. ಹೂಗಿಡಗಳಿಗೆಂದು ಬಂದ ದೇಣಿಗೆಯಲ್ಲಿ ಒಂದಿಷ್ಟನ್ನು ತೆಗೆದು, ಫ್ರೆಂಚ್ ಶಿಲ್ಪಿ ಫಾಲ್ಕೊನೆಯ ಸ್ನಾನದ ಹೆಣ್ಣಿನ ಪ್ರತಿಕೃತಿಯೊಂದನ್ನು ಉಬೆ-ಶಿಂಕಾವಾ ನಿಲ್ದಾಣದ ಮುಂದೆ ನಿಲ್ಲಿಸಿದರು. 1961ರಲ್ಲಿ ಟೊಕಿವಾ ಉದ್ಯಾನದಲ್ಲಿ ಆರಂಭವಾದ ಬಯಲು ಶಿಲ್ಪಪ್ರದರ್ಶನಕ್ಕೆ ಈ ಒಂದು ಪ್ರತಿಕೃತಿಯೇ ನಾಂದಿ. ಉಬೆ ಬಿಯೆನಾಲೆ ಎಂಬ ಹೆಸರಿನಲ್ಲಿ ಅದು ಈಗಲೂ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದೆ. ಊರಿನ ಬೀದಿಗಳಲ್ಲೂ ಉದ್ಯಾನಗಳಲ್ಲೂ ನಿನಗೆ ಕಾಣುವ ಸುಮಾರು 200 ಶಿಲ್ಪಗಳ ಹಿಂದೆ ಈ ಕಥೆಯಿದೆ. ಆದ್ದರಿಂದ ಅವನ್ನು ಊರಿಗೆ ತೊಡಿಸಿದ ಆಭರಣವೆಂದು ಭಾವಿಸಬೇಡ. ಉಸಿರಾಟಕ್ಕಾಗಿ ಹೋರಾಡಿದ ಜನ ತಮ್ಮ ಕೈಯಾರೆ ನೆಟ್ಟವು ಎಂದು ತಿಳಿದು ನೋಡು.

ನಿಲ್ದಾಣದಿಂದ ಹೊರಟು, ಟೋಗೊ ಮುರಾನೊ ಎಂಬ ವಾಸ್ತುಶಿಲ್ಪಿ 1937ರಲ್ಲಿ ಕಟ್ಟಿದ ವಾತಾನಾಬೆ ಸ್ಮಾರಕ ಭವನದ ಬಾಗಿದ ಮುಖಗೋಡೆಯನ್ನು ಕಂಡು, ಉಬೆ ಮಾರ್ಗದ ಸಣ್ಣ ರೈಲಿನಲ್ಲಿ ಟೊಕಿವಾಕ್ಕೆ ಹೋಗು. ರೈಲುಗಳು ವಿರಳ, ಸಮಯ ನೋಡಿಕೊಂಡು ಹೊರಡು. ಉದ್ಯಾನದಲ್ಲಿ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುವ ಆತುರ ಬೇಡ. ರ‍್ಯೋಕಿಚಿ ಮುಕಾಯಿಯವರು 1962ರಲ್ಲಿ ಕಬ್ಬಿಣದಿಂದ ರಚಿಸಿದ ‘ಇರುವೆಯ ಕೋಟೆ’ ಕೆರೆಯ ಬಳಿ ನಿಂತಿದೆ. ಅದೊಂದರ ಮುಂದೆಯೇ ಅರ್ಧ ತಾಸು ಕುಳಿತುಕೋ. ಮೊದಲ ಸಲ ನೋಡಿದಾಗ ನನಗದು ಗುಜರಿಯ ರಾಶಿಯಂತೆ ತೋರಿತ್ತು. ಮತ್ತೊಂದು ಭಾನುವಾರ ಮಳೆ ನಿಂತ ಮೇಲೆ ಹೋದಾಗ, ಕಪ್ಪು ಕಬ್ಬಿಣದ ಸಂದುಗಳಿಂದ ನೀರು ಒಂದೊಂದೇ ಹನಿಯಾಗಿ ಇಳಿಯುತ್ತಿತ್ತು. ನಮ್ಮ ಹೊಲದ ಬದುವಿನ ಹುತ್ತ ನೆನಪಾಗಿ, ಸಮುದ್ರದ ತಳದಲ್ಲಿ ಸುರಂಗ ಕೊರೆದು ಕಲ್ಲಿದ್ದಲು ತೆಗೆದ ಈ ಊರಿನವರಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲವೆನಿಸಿತು. ಅಲ್ಲಿಂದ ಕಲ್ಲಿದ್ದಲು ಸ್ಮಾರಕ ಸಂಗ್ರಹಾಲಯಕ್ಕೆ ಹೋಗು. ಗಣಿಯ ಬಾಯಲ್ಲಿ ನಿಂತಿದ್ದ, ಕಲ್ಲಿದ್ದಲನ್ನು ಮೇಲೆತ್ತುವ ಗೋಪುರವನ್ನೇ ತಂದು ಅಲ್ಲಿ ವೀಕ್ಷಣಾಗೋಪುರ ಮಾಡಿದ್ದಾರೆ.

ಶಿಲ್ಪಿಯ ಕೈ ಸೋಕದ ಒಂದನ್ನೂ ನೀನು ನೋಡಲೇಬೇಕೆಂಬುದು ನನ್ನ ಆಗ್ರಹ. ಟೊಕಿವಾ ನಿಲ್ದಾಣದಿಂದ ಕಡಲ ಕಡೆಗೆ ನಡೆದರೆ ನೀರಿನಿಂದ ಮೇಲೆದ್ದ ಎರಡು ಕಾಂಕ್ರೀಟ್ ಕೊಳವೆಗಳು ಕಾಣುತ್ತವೆ. ಅವು ಚೋಸೇ ಎಂಬ ಕಲ್ಲಿದ್ದಲು ಗಣಿಯ ಗಾಳಿಬಾಯಿಗಳು. 1942ರ ಫೆಬ್ರವರಿ 3ರಂದು ಸಮುದ್ರದ ನೀರು ಗಣಿಗೆ ನುಗ್ಗಿ 183 ಮಂದಿ ಸತ್ತರು. ಅವರಲ್ಲಿ 136 ಮಂದಿ ಕೊರಿಯಾದಿಂದ ಬಂದ ಕೆಲಸಗಾರರು. ಮನೆಯವರಿಂದ ದೂರ, ಪರದೇಶದಲ್ಲಿ ದುಡಿಯುತ್ತಿರುವ ನೀನು ಅಲ್ಲಿ ಫೋನನ್ನು ಜೇಬಿನಲ್ಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲು.

ಆ ಸ್ನಾನದ ಹೆಣ್ಣನ್ನು ನಿಲ್ಲಿಸಿದ್ದ ನಿಲ್ದಾಣದ ಮುಂದೆ ಈಗ ಯಾವ ಹೂ ನೆಟ್ಟಿದ್ದಾರೆಂದು ಮುಂದಿನ ಪತ್ರದಲ್ಲಿ ತಿಳಿಸು.

ಇಂತಿ ನಿನ್ನ ಪ್ರೀತಿಯ
ಸೋದರಮಾವ