ದಂತದ ಕೃಷ್ಣನಿಗೆ ಒಂದು ಕಾಗದ ಕೊಡಿ: ಅರಣ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರೇ,

ನಮಸ್ಕಾರ. ನನ್ನ ಮನೆಯಲ್ಲಿ ಆನೆದಂತದ ಒಂದು ಕೃಷ್ಣನ ವಿಗ್ರಹ ಇದೆ. ಇದನ್ನು ಹೀಗೆ ಊರಿಗೆಲ್ಲ ಹೇಳಿಕೊಳ್ಳಬೇಡ ಅಂತ ಮಗಳು ಬೈದಳು. ಆದರೆ ನಿಮ್ಮ ಇಲಾಖೆಗೆ ನಾನೇ ಬರೆದು ತಿಳಿಸಿ ವರ್ಷಗಳಾದವು. ಅಲ್ಲಿ ಯಾರೂ ಓದಿದಂತೆ ಕಾಣಲಿಲ್ಲ. ಇಲ್ಲಿಯಾದರೂ ಓದಲಿ ಅಂತ ಬರೆಯುತ್ತಿದ್ದೇನೆ.

ನಾನು ಕೇಳುತ್ತಿರುವುದು ಇಷ್ಟೇ. ಆ ವಿಗ್ರಹದ ಮಾಲೀಕತ್ವ ಪ್ರಮಾಣಪತ್ರವನ್ನು ನನ್ನ ಹೆಸರಿಗೆ ಮಾಡಿಕೊಡಿ. ಆಗುವುದಿಲ್ಲ ಎಂದಾದರೆ, ಆಗುವುದಿಲ್ಲ ಅಂತ ಬರೆದುಕೊಡಿ. ಎರಡರಲ್ಲಿ ಒಂದು ಸಾಕು.

ವಿಗ್ರಹ ದೊಡ್ಡದೇನಲ್ಲ, ಒಂದು ಗೇಣೂ ಇಲ್ಲ. ಕೊಳಲು ಹಿಡಿದ ಕೃಷ್ಣ, ಪಕ್ಕದಲ್ಲಿ ಒಂದು ಹಸು, ಹಿಂದೆ ಬಳ್ಳಿ. ಬಳ್ಳಿಯ ಎಲೆ ಎಷ್ಟು ತೆಳು ಅಂದರೆ ದೀಪದ ಎದುರು ಹಿಡಿದರೆ ಬೆಳಕು ಹಾಯುತ್ತದೆ. ನಮ್ಮ ತಾತ ಮೈಸೂರಿನ ಕೆಲಸಗಾರರಿಂದ ಕೊಂಡದ್ದು. ಆಗ ಅದು ತಪ್ಪಾಗಿರಲಿಲ್ಲ. ದಂತದ ಕೆತ್ತನೆ, ಬೀಟೆ ಮರದ ಮೇಲೆ ದಂತ ಕೂರಿಸುವ ಕೆಲಸ, ಇವೆಲ್ಲ ಅಲ್ಲಿ ರಾಜಾರೋಷವಾಗಿ ನಡೆಯುತ್ತಿದ್ದ ಕಾಲ ಅದು. ಕಾಯ್ದೆ ಬಂದ ಮೇಲೆ ಅಪ್ಪ ಅದನ್ನು ಸರ್ಕಾರಕ್ಕೆ ತಿಳಿಸಿ, ಟೈಪ್ ಮಾಡಿ ಸೀಲು ಒತ್ತಿದ ಸರ್ಟಿಫಿಕೇಟ್ ಪಡೆದಿದ್ದರು. ಆ ಕಾಗದ ಇವತ್ತಿಗೂ ನನ್ನ ಹತ್ತಿರ ಇದೆ. ಅದರಲ್ಲಿರುವುದು ಅಪ್ಪನ ಹೆಸರು. ಅಪ್ಪ ಈಗ ಇಲ್ಲ.

ಕಾಯ್ದೆ ನಿಮಗೆ ಗೊತ್ತಿರುವುದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. 1977ರಲ್ಲಿ ಆನೆ ಮೊದಲ ಅನುಸೂಚಿಗೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಗೆ, ಬಂತು. 1986ರ ತಿದ್ದುಪಡಿ ನಮ್ಮ ಆನೆಗಳ ದಂತದ ವ್ಯಾಪಾರ ನಿಲ್ಲಿಸಿತು, 1991ರದ್ದು ಆಫ್ರಿಕಾದ ದಂತಕ್ಕೂ ಬಾಗಿಲು ಹಾಕಿತು. ಎಂದೋ ಅಳಿದುಹೋದ ಮ್ಯಾಮತ್ ಆನೆಯ, ಮಣ್ಣಿನಡಿ ಸಿಗುವ ದಂತವಾದರೂ ಮಾರಬಹುದಾ ಅಂತ ವ್ಯಾಪಾರಿಗಳು ಕೋರ್ಟಿಗೆ ಹೋದರೆ, 2003ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ಆಗುವುದಿಲ್ಲ ಅಂದಿತು. ಇದರಲ್ಲಿ ಯಾವುದರ ಬಗ್ಗೆಯೂ ನನಗೆ ತಕರಾರಿಲ್ಲ. ವೀರಪ್ಪನ್ ಕಾಲ ನೋಡಿದವರು ನಾವು. ನಮ್ಮ ಕಾಡುಗಳಲ್ಲಿ ಕೊಂಬಿನ ಗಂಡಾನೆಗಳು ಹೇಗೆ ಕರಗಿದವು ಅಂತ ಗೊತ್ತು. ದಂತ ಮಾರಲು ಬಿಡಿ ಅಂತ ನಾನು ಕೇಳುತ್ತಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ, ಯಾಕೆಂದರೆ ನಿಮ್ಮ ಕಚೇರಿಯಲ್ಲಿ ನನ್ನನ್ನು ಮೊದಲು ಕೇಳಿದ ಪ್ರಶ್ನೆಯೇ "ಮಾರೋಕಾ ಮೇಡಂ?" ಅಂತ.

ಅದೇ ಕಾಯ್ದೆಯ 40(2ಬಿ) ಸೆಕ್ಷನ್ ಏನು ಹೇಳುತ್ತದೆ? ಇಂಥ ವಸ್ತು ವಾರಸಿಕೆಯಿಂದ ಬಂದರೆ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಕೊಡಬೇಕು. ಆಮೇಲೆ ಅವರು ವಿಚಾರಣೆ ಮಾಡಿ ಸರ್ಟಿಫಿಕೇಟ್ ಕೊಡಬಹುದು. ನಾನು ಆ 90 ದಿನದೊಳಗೇ ಕೊಟ್ಟೆ. ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಹಳೆಯ ಸರ್ಟಿಫಿಕೇಟಿನ ನಕಲು, ನಾಲ್ಕೂ ಕಡೆಯಿಂದ ತೆಗೆದ ಫೋಟೋ, ಎಲ್ಲ ಇಟ್ಟು ಕೊಟ್ಟೆ. ಸ್ವೀಕೃತಿಯ ಸೀಲು ಬಿತ್ತು. ನನಗಿದ್ದ 90 ದಿನ ಕಾಯ್ದೆಯಲ್ಲಿ ಅಂಕಿಯಲ್ಲೇ ಇದೆ. ನಿಮ್ಮವರಿಗೆ ಎಷ್ಟು ದಿನ ಅಂತ ಹುಡುಕಿದೆ. ಆ ಜಾಗ ಖಾಲಿ.

ಬಹಳ ಕಾಲದ ಮೇಲೆ ವಿಚಾರಣೆಗೆ ಅಂತ ಇಬ್ಬರು ಬಂದರು. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಸಚಿವರೇ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ತಾತ ಕೊಂಡಾಗಿನ ಬಿಲ್ ಕೇಳಿದರು. ಸಾಂಚಿ ಸ್ತೂಪದ ದಕ್ಷಿಣದ ತೋರಣದ ಮೇಲೆ ಇದು ವಿದಿಶೆಯ ದಂತದ ಕೆಲಸಗಾರರು ಕೆತ್ತಿದ್ದು ಅಂತ ಬರೆದಿದೆಯಂತೆ. ಅವರಿಗೆ ಇದ್ದ ಮುಂದಾಲೋಚನೆ ನಮ್ಮ ತಾತನಿಗೆ ಇರಲಿಲ್ಲ. ಬಿಲ್ ಇಲ್ಲ, ಅದಕ್ಕೇ ಅಲ್ವಾ ಸರ್ಕಾರದ ಸರ್ಟಿಫಿಕೇಟ್ ಇರುವುದು ಅಂದೆ. "ಅದು ಹಳೇದು ಅಮ್ಮ" ಅಂದರು. ವಿಗ್ರಹ ಹಳೆಯದು, ಕಾಗದ ಹಳೆಯದಾಗದೆ ಇನ್ನೇನಾಗುತ್ತದೆ?

ಆಮೇಲೆ ಇದು ನಿಜವಾಗಿ ದಂತವೇ ಅಂತ ಪರೀಕ್ಷೆ ಮಾಡಬೇಕು ಅಂದರು. ಆಗಲಿ ಅಂದೆ. ಏನೋ ಯಂತ್ರ ತಂದಿರಬಹುದು ಅಂದುಕೊಂಡೆ. ಒಬ್ಬರು ನನ್ನ ಅಡುಗೆಮನೆಗೆ ಹೋಗಿ ಗ್ಯಾಸ್ ಹಚ್ಚಿ, ಒಂದು ಸೂಜಿಯನ್ನು ಕೆಂಪಗೆ ಕಾಯಿಸಿ ತಂದರು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಅದನ್ನು ಕೃಷ್ಣನ ಬೆನ್ನಿಗೆ ಒತ್ತಿದರು. ಹಲ್ಲಿನ ಡಾಕ್ಟರ ಹತ್ತಿರ ಬರುತ್ತದಲ್ಲ, ಆ ವಾಸನೆ ಮನೆಯೆಲ್ಲ ತುಂಬಿತು. "ಪ್ಲಾಸ್ಟಿಕ್ ಅಲ್ಲ" ಅಂತ ಬರೆದುಕೊಂಡರು.

ಪ್ಲಾಸ್ಟಿಕ್ ಅಲ್ಲ ಅಂತ ನಾನೂ ಹೇಳಿದ್ದೆ, ಅಪ್ಪನೂ ಹೇಳಿದ್ದರು, ನಿಮ್ಮದೇ ಇಲಾಖೆಯ ಸೀಲೂ ಹೇಳಿತ್ತು. ಇಷ್ಟಕ್ಕೂ ಆ ಸೂಜಿಯಿಂದ ದಂತ ಯಾವುದು ಮೂಳೆ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡೂ ಕರಗುವುದಿಲ್ಲ, ಎರಡೂ ಸುಟ್ಟ ವಾಸನೆ ಬರುತ್ತವೆ. ಬೇಕಾಗಿದ್ದದ್ದು ಒಂದು ಭೂತಗನ್ನಡಿ. ವಿಗ್ರಹವನ್ನು ಮಲಗಿಸಿ ಪೀಠದ ತಳ ನೋಡಿದ್ದರೆ ಸಾಕಿತ್ತು. ದಂತವನ್ನು ಅಡ್ಡ ಕೊಯ್ದ ಕಡೆ ಒಂದನ್ನೊಂದು ಹಾಯುವ ಸಣ್ಣ ಗೆರೆಗಳು ಕಾಣುತ್ತವೆ. ಆನೆಯದಾದರೆ ಆ ಗೆರೆಗಳ ನಡುವಿನ ಕೋನ ಅಗಲ, ಮ್ಯಾಮತ್‌ದಾದರೆ ಕಿರಿದು. ಮೂಳೆಯಾದರೆ ಗೆರೆಯೇ ಇಲ್ಲ, ಚುಕ್ಕೆ ಚುಕ್ಕೆ ರಂಧ್ರ. ಮನೆಯಲ್ಲಿ ಕುಳಿತು ಓದಿದ ನನಗೆ ಇಷ್ಟು ಗೊತ್ತಾಗಿದೆ. ಸುಡದೆ, ಚುಚ್ಚದೆ, ಕೆರೆಯದೆ ಗೊತ್ತಾಗುವ ವಿಷಯ ಇದು.

ವಿಚಾರಣೆಗೆ ಬಂದವರು ವಸ್ತುವಿಗೆ ಗುರುತು ಹಾಕಬಹುದು ಅಂತ ಕಾಯ್ದೆಯಲ್ಲಿದೆ. ಈ ಸುಟ್ಟ ಚುಕ್ಕೆಯೇ ಆ ಗುರುತಾ? ಹಾಗಿದ್ದರೆ ಅದನ್ನಾದರೂ ಬರೆದು ತಿಳಿಸಿ. ಹಾಕಿದ ಗುರುತನ್ನು ಅಳಿಸಬಾರದು ಅಂತಲೂ ಅಲ್ಲೇ ಇದೆ. ಅಳಿಸುವುದಕ್ಕೆ ಆಗುವುದೂ ಇಲ್ಲ ಬಿಡಿ.

ಅವರು ಹೋದ ಮೇಲೆ ಉತ್ತರಕ್ಕೆ ಕಾದೆ. ಉತ್ತರ ಬರಲಿಲ್ಲ. ಒಂದು ಫೋನ್ ಬಂತು. "ಅಕ್ಕಾ, ನಿಮ್ಮ ಹತ್ತಿರ ಒಂದು ಐವರಿ ಪೀಸ್ ಇದೆಯಂತಲ್ಲ" ಅಂತ ಶುರು ಮಾಡಿದ. ಹೊರದೇಶದ ಹರಾಜಿಗೆ ಕಳಿಸಿಕೊಡುತ್ತಾನಂತೆ. ಕಾಗದದಲ್ಲಿ ದಂತ ಅಂತ ಬರೆಯುವುದಿಲ್ಲವಂತೆ, ಮೂಳೆ ಅಂತ ಬರೆಯುತ್ತಾರಂತೆ, ಕೊಳ್ಳುವವರಿಗೆ ಫೋಟೋ ನೋಡಿದರೇ ಗೊತ್ತಾಗುತ್ತದಂತೆ. ನಾನು ಫೋನ್ ಇಡಬೇಕು ಅನ್ನುವಷ್ಟರಲ್ಲಿ ಇನ್ನೊಂದು ಮಾತು ಹೇಳಿದ. "ಬೆನ್ನ ಮೇಲೆ ಸುಟ್ಟ ಚುಕ್ಕೆ ಇದೆಯಲ್ಲ, ಅದರಿಂದ ರೇಟು ಸ್ವಲ್ಪ ಇಳಿಯುತ್ತೆ ಅಕ್ಕ, ಆದ್ರೂ ಪರವಾಗಿಲ್ಲ."

ಸಚಿವರೇ, ಆ ಚುಕ್ಕೆಯನ್ನು ನೋಡಿದವರು ಮೂರೇ ಜನ. ನಾನು, ಆ ಇಬ್ಬರು. ಮಗಳಿಗೂ ನಾನು ಆಗಿನ್ನೂ ಹೇಳಿರಲಿಲ್ಲ. ಯಾರು ಏನು ಮಾಡಿದರು ಅಂತ ನಾನು ಹೇಳುತ್ತಿಲ್ಲ. ಲೆಕ್ಕ ನೀವೇ ಮಾಡಿ. ಈ ಫೋನಿನ ವಿಷಯವನ್ನು ನಂಬರ್ ಸಮೇತ ಕಚೇರಿಗೆ ಬರೆದುಕೊಟ್ಟೆ. ಅಲ್ಲಿ ಸಿಕ್ಕ ಸಲಹೆ, "ಆ ನಂಬರ್ ಬ್ಲಾಕ್ ಮಾಡಿಬಿಡಿ ಮೇಡಂ."

ಬ್ಲಾಕ್ ಮಾಡಿದೆ. ಸರ್ಟಿಫಿಕೇಟ್ ಎಲ್ಲಿ?

ಸರಿ, ಇಷ್ಟು ರಗಳೆ ಬೇಡ, ಸರ್ಕಾರಕ್ಕೇ ಒಪ್ಪಿಸಿಬಿಡೋಣ ಅಂತ ಒಂದು ಸಲ ಅನಿಸಿತು. 2022ರ ತಿದ್ದುಪಡಿಯಲ್ಲಿ ಅದಕ್ಕೂ ದಾರಿ ಇದೆ, ಸೆಕ್ಷನ್ 42ಎ. ಏಳು ಕೆಲಸದ ದಿನಗಳ ನೋಟಿಸ್ ಕೊಟ್ಟು ಒಪ್ಪಿಸಬಹುದು, ಪರಿಹಾರ ಇಲ್ಲ. ಪರಿಹಾರ ಬೇಡವೇ ಬೇಡ. ಆದರೆ ಒಪ್ಪಿಸುವ ಅವಕಾಶ ಇರುವುದು ಯಾರಿಗೆ? ಸರ್ಟಿಫಿಕೇಟ್ ಇದ್ದವರಿಗೆ! ಅಂದರೆ ಇಟ್ಟುಕೊಳ್ಳುವುದಕ್ಕೂ ಆ ಕಾಗದ ಬೇಕು, ಬಿಟ್ಟುಕೊಡುವುದಕ್ಕೂ ಅದೇ ಕಾಗದ ಬೇಕು.

2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಗಲಾಟೆ ಆಯಿತಲ್ಲ, ಹುಲಿ ಉಗುರಿನ ಪದಕ ಹಾಕಿಕೊಂಡಿದ್ದಾರೆ ಅಂತ ಟಿವಿ ಕಾರ್ಯಕ್ರಮದಿಂದಲೇ ಒಬ್ಬರನ್ನು ಹಿಡಿದುಕೊಂಡು ಹೋದದ್ದು. ಅದಾದ ಮೇಲೆ 2024ರ ಆರಂಭದಲ್ಲಿ ಸರ್ಕಾರ, ಕಾಗದ ಇಲ್ಲದೆ ಇಂಥ ವಸ್ತು ಇಟ್ಟುಕೊಂಡವರು ತಂದು ಒಪ್ಪಿಸಲಿ ಅಂತ ಏಪ್ರಿಲ್‌ವರೆಗೆ ಅವಕಾಶ ಕೊಟ್ಟಿತು. ನಾನೂ ಹೋಗಿ ಕೇಳಿದೆ. "ಅದು ಡಿಕ್ಲೇರ್ ಮಾಡದವರಿಗೆ, ನೀವು ಮಾಡಿದ್ದೀರಿ, ನಿಮ್ಮ ಫೈಲ್ ಬೇರೆ" ಅಂದರು. ಹೇಳದೆ ಬಚ್ಚಿಟ್ಟವರಿಗೆ ಒಂದು ದಾರಿ ಆಯಿತು. ಮೊದಲ ದಿನವೇ ಹೇಳಿದವಳ ಫೈಲ್ ಬೇರೆ.

ಈ ನಡುವೆ ನನ್ನ ಸ್ಥಿತಿ ಕೇಳಿ. ಮಗಳು ಬೇರೆ ರಾಜ್ಯದಲ್ಲಿದ್ದಾಳೆ. ಮೊಣಕಾಲು ಹೀಗಿಟ್ಟುಕೊಂಡು ಒಬ್ಬಳೇ ಇರಬೇಡ, ಬಂದುಬಿಡು ಅಂತಾಳೆ. ಸರ್ಟಿಫಿಕೇಟ್ ಇದ್ದವರು ವಸ್ತುವನ್ನು ಬೇರೆ ರಾಜ್ಯಕ್ಕೆ ಒಯ್ದರೆ 30 ದಿನದಲ್ಲಿ ಅಲ್ಲಿನ ಅಧಿಕಾರಿಗೆ ತಿಳಿಸಿದರಾಯಿತು. ನಾನು ಏನಂತ ತಿಳಿಸಲಿ? ಸತ್ತವರ ಹೆಸರಿನ ಕಾಗದ ತೋರಿಸಿ ರೈಲಿನಲ್ಲಿ ದಂತ ಒಯ್ಯಲಾ? ಮೊದಲ ಅನುಸೂಚಿಯ ಪ್ರಾಣಿಯ ವಸ್ತು ಅಂದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಮನೆಯಲ್ಲಿ ಬಿಟ್ಟು ಹೋಗೋಣ ಅಂದರೆ, ಆ ಫೋನಿನವನಿಗೆ ಬೆನ್ನ ಮೇಲಿನ ಚುಕ್ಕೆಯವರೆಗೂ ಗೊತ್ತಿದೆ. ಹಾಗಾಗಿ ನಾನು ಊರು ಬಿಡುವಂತಿಲ್ಲ. ಮೊಮ್ಮಗನ ನಾಮಕರಣಕ್ಕೆ ಹೋಗಲಿಲ್ಲ. ರಾತ್ರಿ ಗೇಟು ಸದ್ದಾದರೆ ಎದ್ದು ಕೂರುತ್ತೇನೆ. ಕಳ್ಳನಾದರೂ ಸರಿ, ಇಲಾಖೆಯವರಾದರೂ ಸರಿ, ಭಯ ಒಂದೇ ಆಗಿಬಿಟ್ಟಿದೆ.

ನಿದ್ದೆ ಬಾರದ ರಾತ್ರಿಗಳಲ್ಲಿ ಫೋನಿನಲ್ಲಿ ಹೊರದೇಶದ ಹರಾಜಿನ ಪಟ್ಟಿಗಳನ್ನು ನೋಡುವ ಚಟ ಹತ್ತಿದೆ. ನಮ್ಮ ವಿಶಾಖಪಟ್ಟಣದಲ್ಲಿ ಮಾಡಿದ ದಂತದ ಪೆಟ್ಟಿಗೆಗಳು ಲಂಡನ್ನಿನಲ್ಲಿ ಹರಾಜಾಗುತ್ತವೆ. ಬ್ರಿಟಿಷರ ಕಾಲದಲ್ಲಿ ಹೋದವು. ಅಲ್ಲೂ ಈಗ ಬಿಗಿ ಕಾನೂನು ಇದೆ, 2018ರಲ್ಲಿ ಮಾಡಿ 2022ರ ಜೂನ್‌ನಿಂದ ಜಾರಿಗೆ ತಂದರು. ದಂತ ಮಾರುವಂತಿಲ್ಲ, ಕೆಲವು ವಿನಾಯಿತಿ ಮಾತ್ರ. 1947ಕ್ಕೆ ಮೊದಲಿನ ವಸ್ತುವಿನಲ್ಲಿ ದಂತ ನೂರಕ್ಕೆ ಹತ್ತು ಪಾಲಿಗಿಂತ ಕಡಿಮೆ ಇದ್ದರೆ 20 ಪೌಂಡ್ ಕಟ್ಟಿ ನೋಂದಣಿ. 1918ಕ್ಕೆ ಮೊದಲಿನ, ತೀರಾ ಅಪರೂಪದ ಕಲಾಕೃತಿಯಾದರೆ 250 ಪೌಂಡ್ ಕಟ್ಟಿ ಅರ್ಜಿ, ತಜ್ಞರು ನೋಡಿ ಹೇಳುತ್ತಾರೆ. ಆ ನೋಂದಣಿ ನಂಬರನ್ನು ಹರಾಜಿನ ಪಟ್ಟಿಯಲ್ಲಿ ವಸ್ತುವಿನ ಕೆಳಗೇ ಹಾಕಿರುತ್ತಾರೆ. ಅಲ್ಲೂ ದಂತವನ್ನು ಮೂಳೆ ಅಂತ ಬರೆದು ಮಾರುವವರು ಇದ್ದಾರೆ, ಅವರೇನೂ ದೇವರಲ್ಲ. ಆದರೆ ಕಾನೂನಿಗೆ ತಲೆಬಾಗಿ ಬಂದವರ ಕೈಗೆ ಒಂದು ನಂಬರ್ ಸಿಗುತ್ತದೆ.

ನಮ್ಮಲ್ಲಿ ಎಷ್ಟೇ ಹಳೆಯದಾದರೂ ದಂತಕ್ಕೆ ಮಾರಾಟದ ವಿನಾಯಿತಿ ಇಲ್ಲ. ಸರ್ಟಿಫಿಕೇಟ್ ಇದ್ದವರೂ ಮಾರುವಂತಿಲ್ಲ. ಅದು ಹಾಗೇ ಇರಲಿ, ಒಳ್ಳೆಯದೇ. ನೂರು ವರ್ಷ ದಾಟಿದ ಕಲಾವಸ್ತುವಿಗೆ ಪುರಾತನ ವಸ್ತುಗಳ ಕಾಯ್ದೆಯೂ ಸೇರಿಕೊಳ್ಳುತ್ತದೆ, ದೇಶ ಬಿಟ್ಟು ಹೋಗುವಂತಿಲ್ಲ. ಅದೂ ಇರಲಿ. ಇಷ್ಟೆಲ್ಲ ಬೀಗ ಹಾಕಿ, ಬೀಗ ನೋಡಿಕೊಳ್ಳುವವರು ಫೈಲ್ ಮೇಲೆ ಮಲಗಿದರೆ ಆ ವಸ್ತು ಕೊನೆಗೆ ಎಲ್ಲಿಗೆ ಹೋಗುತ್ತದೆ? ನನ್ನ ಜಾಗದಲ್ಲಿ ದುಡ್ಡಿನ ಅಡಚಣೆ ಇರುವವರು, ಹೆದರಿದವರು, ನನಗಿಂತ ಬೇಗ ಸುಸ್ತಾದವರು ಇದ್ದಿದ್ದರೆ ಆ ಫೋನಿಗೆ ಹೂಂ ಅಂದಿರುತ್ತಿದ್ದರು. ಅವರಿಗೆ ಹಾಗೆ ಅನಿಸಿದರೆ ನಾನು ಬೈಯಲಾರೆ.

ಹಾಗಾಗಿ ಮತ್ತೆ ಕೇಳುತ್ತೇನೆ. ನನ್ನ ಅರ್ಜಿಗೆ ಸರ್ಟಿಫಿಕೇಟ್ ಕೊಡಿ, ಇಲ್ಲವೇ ಕೊಡುವುದಿಲ್ಲ ಅಂತ ಕಾರಣದ ಸಮೇತ ಬರೆದುಕೊಡಿ. ಕೊಡುವುದಿಲ್ಲ ಅಂದರೆ, ವಿಗ್ರಹವನ್ನು ನೀವೇ ರಸೀದಿ ಕೊಟ್ಟು ತೆಗೆದುಕೊಂಡು ಹೋಗಿ, ಅದು ಯಾವ ಮ್ಯೂಸಿಯಂನಲ್ಲೋ ಯಾವ ಉಗ್ರಾಣದಲ್ಲೋ ಇರುತ್ತದೆ ಅಂತ ತಿಳಿಸಿ. ನನ್ನಂಥವರ ಘೋಷಣೆಗಳು ಇನ್ನೂ ಎಷ್ಟು ಕೊಳೆಯುತ್ತಿವೆ ಅಂತ ಎಣಿಸಿ, ಉತ್ತರ ಕೊಡಲು ನಿಮ್ಮವರಿಗೂ ಒಂದು ಗಡುವು ಹಾಕಿ. ನಮಗೆ 90 ದಿನ ಸಾಕಾದರೆ ಅವರಿಗೂ ಸಾಕು. ಪರೀಕ್ಷೆಗೆ ಬರುವವರ ಕೈಗೆ ಸೂಜಿಯ ಬದಲು ಭೂತಗನ್ನಡಿ ಕೊಡಿ, ಅದೇನು ದೊಡ್ಡ ಖರ್ಚಲ್ಲ. ಆ ಫೋನ್ ನಂಬರ್ ನನ್ನ ದೂರಿನಲ್ಲಿದೆ, ಅದು ಯಾರದು ಅಂತ ವಿಚಾರಿಸಿ.

ಅರ್ಜಿಯ ಸಂಖ್ಯೆ, ತಾರೀಖು, ಸ್ವೀಕೃತಿಯ ನಕಲು ಎಲ್ಲ ನಿಮ್ಮ ಕಚೇರಿಗೆ ಬೇರೆಯಾಗಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಉತ್ತರ ಬರಹದಲ್ಲೇ ಇರಲಿ, ಸೀಲು ಸಹಿ ಇರಲಿ. ದಯವಿಟ್ಟು ಫೋನ್ ಮಾಡಿಸಬೇಡಿ. ಆ ಕಡೆ ಇರುವವರು ಇಲಾಖೆಯವರಾ ದಲ್ಲಾಳಿಯಾ ಅಂತ ನನಗೆ ಈಗ ಗೊತ್ತಾಗುವುದಿಲ್ಲ.

ಇಂತಿ,
ನಿಮ್ಮ ರಾಜ್ಯದ ಒಬ್ಬ ಅರ್ಜಿದಾರಳು