ಕೈಕುಲುಕಿದ ಮಾತ್ರಕ್ಕೆ ಬೆಂಬಲವಲ್ಲ

ಮಾನ್ಯ ಸಂಪಾದಕರೆ,

ಯಾವುದಾದರೂ ದೇಶದ ಪ್ರಧಾನಿಯ ಕುರ್ಚಿ ಅಲುಗಾಡುತ್ತಿರುವ ಹೊತ್ತಿಗೆ ಅಲ್ಲಿಗೆ ಹೊಸದಾಗಿ ಹೋದ ರಾಯಭಾರಿ ಅವರನ್ನು ಕಂಡು ಬಂದರೆ ಸಾಕು, ಮರುದಿನ ‘ಪ್ರಧಾನಿಗೆ ಬೆಂಬಲ’ ಎಂಬ ತಲೆಬರಹ ಸಿದ್ಧ. ಟಿ.ವಿ.ಯಲ್ಲಂತೂ ಯಾರ ನಗು ಎಷ್ಟು ಅಗಲವಿತ್ತು ಎಂಬುದರ ಮೇಲೂ ಚರ್ಚೆ. ಮದುವೆ ಮನೆಗೆ ಊಟಕ್ಕೆ ಹೋದವರನ್ನೆಲ್ಲ ಬೀಗರು ಎಂದಂತಾಯಿತು ಇದು.

ಮೊದಲು ಕಾಗದದ ವಿಷಯ. ರಾಯಭಾರಿ ತರುವ ಅಧಿಕಾರಪತ್ರ ರಾಷ್ಟ್ರದ ಮುಖ್ಯಸ್ಥರ ಹೆಸರಿಗಿರುತ್ತದೆ, ಪ್ರಧಾನಿಯ ಹೆಸರಿಗಲ್ಲ. ದೆಹಲಿಯಲ್ಲಿ ಅದನ್ನು ಸ್ವೀಕರಿಸುವವರು ರಾಷ್ಟ್ರಪತಿ. 1961ರ ವಿಯೆನ್ನಾ ಒಪ್ಪಂದದ 13ನೇ ವಿಧಿಯಂತೆ, ಆ ಪತ್ರ ಸಲ್ಲಿಸಿದಾಗಲೋ, ಬಂದಿಳಿದದ್ದನ್ನು ತಿಳಿಸಿ ಅದರ ಪ್ರತಿಯನ್ನು ವಿದೇಶಾಂಗ ಸಚಿವಾಲಯಕ್ಕೆ ಕೊಟ್ಟಾಗಲೋ, ಆಯಾ ದೇಶದ ರೂಢಿಯಂತೆ ಕೆಲಸ ಶುರುವಾಗುತ್ತದೆ. ಪ್ರಧಾನಿಯನ್ನು ಕಾಣುವುದು ಸೌಜನ್ಯದ ಭೇಟಿ. ಅವರು ಮುಂದಿನ ವಾರವೇ ಅಧಿಕಾರ ಕಳೆದುಕೊಂಡರೂ ರಾಯಭಾರಿಯ ಸ್ಥಾನಕ್ಕೆ ಏನೂ ಆಗದು. ಇನ್ನು 41ನೇ ವಿಧಿ: ಆಂತರಿಕ ವಿಚಾರಕ್ಕೆ ಕೈಹಾಕಬಾರದು, ಸರ್ಕಾರಿ ವ್ಯವಹಾರವೆಲ್ಲ ವಿದೇಶಾಂಗ ಸಚಿವಾಲಯದ ಅಥವಾ ಎರಡೂ ಕಡೆ ಒಪ್ಪಿದ ಬೇರೆ ಸಚಿವಾಲಯದ ಮೂಲಕ ನಡೆಯಬೇಕು. ಹಾಗಾಗಿ ಭೇಟಿಗೆ ಸಮಯ ಕೇಳುವುದೂ ಆ ದಾರಿಯಲ್ಲೇ. ಪ್ರಧಾನಿಯ ಆಪ್ತರೊಬ್ಬರ ಮೊಬೈಲ್‌ಗೆ ಕರೆ ಮಾಡಿ ಹತ್ತು ನಿಮಿಷ ಗಿಟ್ಟಿಸಿಕೊಂಡರೆ ಆಮೇಲೆ ಬರುವ ಸರ್ಕಾರ ಅದನ್ನು ಮರೆಯುವುದಿಲ್ಲ.

ಸಿಕ್ಕುವುದು ಅರ್ಧ ಗಂಟೆ ಎಂದುಕೊಳ್ಳಿ. ದುಭಾಷಿ ಇದ್ದರೆ ಅದು ಹದಿನೈದು ನಿಮಿಷಕ್ಕೆ ಇಳಿಯಿತು. ಫೋಟೊ, ಶುಭಾಶಯ, ಕಾಫಿಗೆ ಐದು ನಿಮಿಷ. ಉಳಿದ ಹತ್ತರಲ್ಲಿ, ಸಂಕಟದಲ್ಲಿರುವ ಪ್ರಧಾನಿ ಅರ್ಧವನ್ನಾದರೂ ತಮ್ಮ ವಿರೋಧಿಗಳ ಬಗ್ಗೆ ಮಾತಾಡುತ್ತಾರೆ. ಕೇಳಿಸಿಕೊಳ್ಳಲೇಬೇಕು, ತಲೆ ಮಾತ್ರ ಆಡಿಸಬಾರದು. ಕೊನೆಗೆ ಕೈಗೆ ಸಿಗುವುದು ಒಂದು ವಿಷಯಕ್ಕಾಗುವಷ್ಟು ಹೊತ್ತು. ಆ ಒಂದು ವಿಷಯವನ್ನು ಆರಿಸುವುದರಲ್ಲೇ ರಾಯಭಾರಿಯ ಕಸುಬು ಗೊತ್ತಾಗುತ್ತದೆ. ಜೈಲಿನಲ್ಲಿರುವ ಮೀನುಗಾರರು, ಮೇಜಿನ ಮೇಲೆ ಕೊಳೆಯುತ್ತಿರುವ ವೀಸಾ ಅರ್ಜಿಗಳು, ಹಣ ಬಿಡುಗಡೆಯಾಗದೆ ಅರ್ಧಕ್ಕೆ ನಿಂತ ಸೇತುವೆ: ಪ್ರಧಾನಿ ಬದಲಾದರೂ ಅಧಿಕಾರಿಗಳು ಮುಂದುವರಿಸಬಲ್ಲ ಇಂಥದ್ದನ್ನು ಎತ್ತಬೇಕು. ಹೊಸ ಒಪ್ಪಂದ, ದೊಡ್ಡ ವಾಗ್ದಾನ ಬೇಡ. ಬಹುಮತವಿಲ್ಲದವರು ಕೊಟ್ಟ ಮಾತನ್ನು ಮುಂದೆ ಬರುವವರು ಮೊದಲ ದಿನವೇ ಕಸದ ಬುಟ್ಟಿಗೆ ಹಾಕಬಹುದು.

ಇದಕ್ಕೆ ನಮ್ಮ ಶ್ರೀರಂಗಪಟ್ಟಣಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಟಿಪ್ಪು ಕಳಿಸಿದ ಮೂವರು ರಾಯಭಾರಿಗಳು 1787ರಲ್ಲಿ ಪಾಂಡಿಚೇರಿಯಲ್ಲಿ ಹಡಗು ಹತ್ತಿ, 1788ರ ಜೂನ್‌ನಲ್ಲಿ ಫ್ರಾನ್ಸಿನ ತೂಲಾನ್ ಬಂದರಿನಲ್ಲಿ ಇಳಿದರು. ಹದಿನಾರನೇ ಲೂಯಿಯ ದರ್ಶನವಾದದ್ದು ಆಗಸ್ಟ್ 10ರಂದು, ವರ್ಸೇಲ್ಸ್‌ನಲ್ಲಿ. ಕೇಳಿದ್ದು ಇಂಗ್ಲಿಷರ ವಿರುದ್ಧ ಸೇನಾ ಮೈತ್ರಿ. ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅದಕ್ಕೆ ಎರಡೇ ದಿನ ಮುಂಚೆ, ಆಗಸ್ಟ್ 8ರಂದು, ದೊರೆ ಬೇರೆ ದಾರಿಯಿಲ್ಲದೆ ‘ಎಸ್ಟೇಟ್ಸ್ ಜನರಲ್’ ಎಂಬ ಪ್ರತಿನಿಧಿಗಳ ಮಹಾಸಭೆ ಕರೆಯಲು ದಿನ ಗೊತ್ತುಮಾಡಿದ್ದ. 16ರಂದು ಬೊಕ್ಕಸ ಪಾವತಿ ನಿಲ್ಲಿಸಿತು. 25ರಂದು ದೊರೆಯ ಪ್ರಧಾನ ಮಂತ್ರಿ ಬ್ರಿಯೆನ್ ಅಧಿಕಾರದಿಂದ ಇಳಿದ. 1783ರಲ್ಲಷ್ಟೇ ಇಂಗ್ಲಿಷರ ಜೊತೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ದ ಆ ಸರ್ಕಾರದ ಬಳಿ ಯುದ್ಧಕ್ಕೆ ಮನಸ್ಸೂ ಇರಲಿಲ್ಲ, ಕಾಸೂ ಇರಲಿಲ್ಲ. ಸತ್ಕಾರಕ್ಕೆ ಕೊರತೆಯಾಗಲಿಲ್ಲ. ರಾಯಭಾರಿಗಳ ಚಿತ್ರ ಬರೆದರು, ಸೆವ್ರ್ ಪಿಂಗಾಣಿ ಉಡುಗೊರೆ ಕೊಟ್ಟರು. ಸೈನ್ಯ ಮಾತ್ರ ಬರಲಿಲ್ಲ. ಕೊಡಲಾಗದವರ ಉಪಚಾರ ಯಾವಾಗಲೂ ಒಂದು ಕೈ ಹೆಚ್ಚೇ.

ಭೇಟಿಯ ಕೋಣೆಯೊಳಗೆ ರಾಯಭಾರಿ ಒಬ್ಬರೇ ಹೋಗಬಾರದು. ಜೊತೆಯಲ್ಲಿ ಬರೆದುಕೊಳ್ಳುವ ಒಬ್ಬ ಕಿರಿಯ ಅಧಿಕಾರಿ, ಆ ಕಡೆಯಿಂದ ವಿದೇಶಾಂಗ ಸಚಿವಾಲಯದವರೊಬ್ಬರು ಇದ್ದರೆ ನಾಳೆ ಯಾರೂ ಮಾತು ತಿರುಚಲಾರರು. 1990ರ ಜುಲೈ 25ರಂದು ಅಮೆರಿಕದ ರಾಯಭಾರಿ ಏಪ್ರಿಲ್ ಗ್ಲಾಸ್ಪಿಯವರನ್ನು ಇರಾಕ್ ಅಧ್ಯಕ್ಷ ಸದ್ದಾಂ ಹುಸೇನ್ ತರಾತುರಿಯಲ್ಲಿ ಕರೆಸಿಕೊಂಡರು. ಆತ ಯುದ್ಧದ ಸಾಲದಲ್ಲಿ ಮುಳುಗಿದ್ದ ಕಾಲ ಅದು. ಎಂಟು ದಿನಕ್ಕೆ ಕುವೈತ್ ಮೇಲೆ ದಾಳಿಯಾಯಿತು. ಸೆಪ್ಟೆಂಬರ್‌ನಲ್ಲಿ ಇರಾಕ್ ಆ ಮಾತುಕತೆಯ ಬಗ್ಗೆ ತಾನು ಬರೆದಿಟ್ಟ ಪ್ರತಿಯನ್ನು ಹೊರಬಿಟ್ಟಿತು. ಅದನ್ನು ತಿದ್ದಿದ್ದಾರೆ ಎಂದು ಗ್ಲಾಸ್ಪಿ 1991ರ ಮಾರ್ಚ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಹೇಳಿದರು. ಆಕೆ ಕಳಿಸಿದ್ದ ವರದಿಯನ್ನು ವಿಕಿಲೀಕ್ಸ್ ಕೂಡ 2011ರಲ್ಲಿ ಹೊರಬಿಟ್ಟಿತು. ಆದರೆ ಮೊದಲಿನಿಂದಲೂ ಹೆಚ್ಚಿನವರು ಚರ್ಚಿಸಿದ್ದು ಬಾಗ್ದಾದ್‌ನ ಪ್ರತಿಯನ್ನೇ.

‘ನಿಮ್ಮ ದೇಶ ನನ್ನ ಜೊತೆಗಿದೆ ತಾನೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ನಮ್ಮ ಸಂಬಂಧ ನಿಮ್ಮ ದೇಶದ ಜೊತೆ, ತಮ್ಮ ಮಾತನ್ನು ರಾಜಧಾನಿಗೆ ಮುಟ್ಟಿಸುತ್ತೇನೆ’ ಎಂದರೆ ಮುಗಿಯಿತು. ವಿಶ್ವಾಸಮತದ ಬಗ್ಗೆ ‘ಒಳ್ಳೆಯದಾಗಲಿ’ ಎಂದರೂ ಸಂಜೆ ವಾರ್ತೆಗೆ ಸರಕು. ಹೇಳಬೇಕಾದ್ದು ಒಂದೇ ಹಾಳೆಯಲ್ಲಿರಲಿ. 2011ರ ಫೆಬ್ರುವರಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಆಗಿನ ವಿದೇಶಾಂಗ ಸಚಿವ, ನಮ್ಮ ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಅವರ ಕೈಗೆ ಮುಂದೆ ಹರಡಿದ್ದ ಕಾಗದಗಳ ನಡುವಿನಿಂದ ಬಂದದ್ದು ಪೋರ್ಚುಗಲ್ ಸಚಿವರ ಭಾಷಣ. ಪೋರ್ಚುಗೀಸ್ ಮಾತಾಡುವ ಎರಡು ದೇಶಗಳು ಒಟ್ಟಿಗಿರುವ ಸಂತೋಷವನ್ನೂ ಓದಿಬಿಟ್ಟರು. ಸುಮಾರು ಮೂರು ನಿಮಿಷವಾದ ಮೇಲೆ ವಿಶ್ವಸಂಸ್ಥೆಯಲ್ಲಿ ಆಗ ನಮ್ಮ ರಾಯಭಾರಿಯಾಗಿದ್ದ ಹರ್‌ದೀಪ್ ಸಿಂಗ್ ಪುರಿ ತಡೆದರು. ಅಷ್ಟು ಅನುಭವಿಗೇ ಹಾಗಾದ ಮೇಲೆ ಹೊಸಬರ ಪಾಡೇನು?

ಅಭಿನಂದನೆಗೂ ಅವಸರ ಬೇಡ. 2018ರ ಅಕ್ಟೋಬರ್ 26ರಂದು ಶ್ರೀಲಂಕಾ ಅಧ್ಯಕ್ಷ ಸಿರಿಸೇನ ಅವರು ರಾನಿಲ್ ವಿಕ್ರಮಸಿಂಘೆಯವರನ್ನು ತೆಗೆದು ಮಹಿಂದ ರಾಜಪಕ್ಸೆಯವರನ್ನು ಪ್ರಧಾನಿ ಮಾಡಿದರು. ರಾನಿಲ್ ಅಧಿಕೃತ ನಿವಾಸ ‘ಟೆಂಪಲ್ ಟ್ರೀಸ್’ ಬಿಟ್ಟು ಕದಲಲಿಲ್ಲ. ಡಿಸೆಂಬರ್ 16ರಂದು ಮತ್ತೆ ಅವರೇ ಪ್ರಮಾಣವಚನ ತೆಗೆದುಕೊಂಡರು. ಮಹಿಂದ ಅವರಿಗೆ ಅವಸರದಲ್ಲಿ ಅಭಿನಂದನೆ ಹೇಳಿದವರು ಐವತ್ತು ದಿನದಲ್ಲಿ ರಾನಿಲ್ ಅವರ ಬಾಗಿಲನ್ನೂ ತಟ್ಟಬೇಕಾಯಿತು. ತಮ್ಮ ನಾಯಕರ ಶುಭಾಶಯವನ್ನು ಬಾಯಲ್ಲಿ ತಲುಪಿಸಿ, ಲಿಖಿತ ಪತ್ರವನ್ನು ಪರಿಸ್ಥಿತಿ ತಿಳಿಯಾಗುವ ತನಕ ಬೀರುವಿನಲ್ಲಿ ಇಡುವುದು ಇದಕ್ಕೇ.

ನಿಮ್ಮ ವರದಿಗಾರರಲ್ಲಿ ಒಂದು ಕೋರಿಕೆ. ಫೋಟೊ ಬಿಟ್ಟು ಎರಡೂ ಕಡೆಯ ಪ್ರಕಟಣೆಗಳನ್ನು ಒಟ್ಟಿಗೆ ಓದಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಸಾಲು ಯಾವುದು ಎಂದು ನೋಡಿ. ಅದೇ ವಾರ ರಾಯಭಾರಿ ವಿರೋಧ ಪಕ್ಷದ ನಾಯಕರನ್ನೂ ಕಂಡರೇ ಎಂದು ವಿಚಾರಿಸಿ. ಕಂಡಿದ್ದರೆ, ನಿಮ್ಮ ತಲೆಬರಹದಿಂದ ‘ಬೆಂಬಲ’ ಎಂಬ ಪದವನ್ನು ತೆಗೆಯಬಹುದು.

– ಅಂತರರಾಷ್ಟ್ರೀಯ ಸಂಬಂಧಗಳ ನಿವೃತ್ತ ಅಧ್ಯಾಪಕರಿಬ್ಬರು, ಶ್ರೀರಂಗಪಟ್ಟಣ