ನನ್ನ ನಕ್ಷೆ ಕೆಡಿಸಿದವರಿಗೆ

ಹೋದ ವಾರ ನನ್ನ ಅಂತಿಮ ವರ್ಷದ ವಿನ್ಯಾಸ ಪ್ರಬಂಧ ತೇರ್ಗಡೆಯಾಯಿತು. ಐದು ವರ್ಷದ ವಾಸ್ತುಶಿಲ್ಪ ಪದವಿಗೆ ನಾನು ಆರು ವರ್ಷ ತೆಗೆದುಕೊಂಡೆ. ಆ ಆರನೆಯ ವರ್ಷದ ಲೆಕ್ಕ ಕೇಳುವವರು ಮದುವೆ ಮನೆಗಳಲ್ಲಿ ಇನ್ನೂ ಸಿಗುತ್ತಾರೆ. ಅದಕ್ಕೇ ಒಮ್ಮೆ ಬರೆದು ಮುಗಿಸುತ್ತೇನೆ. ಇದು ಕೃತಜ್ಞತೆಯ ಬರಹವೇ. ಬೆನ್ನು ತಟ್ಟಿದವರಿಗೂ ನಮಸ್ಕಾರ, ಆದರೆ ದೊಡ್ಡ ಪಾಲು ನನ್ನ ನಕ್ಷೆ ಕೆಡಿಸಿದವರಿಗೆ ಸಲ್ಲಬೇಕು.

ನಾನು ಆರಿಸಿಕೊಂಡ ಜಾಗ ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಬಳಿಯ ತುಂಗೆಯ ದಡ. ಅಲ್ಲಿ ಹೊಳೆಯಲ್ಲಿ ಒಂದು ಕಲ್ಲಿನ ಮಂಟಪವಿದೆ. ಮಳೆಗಾಲದಲ್ಲಿ ಶಿವಮೊಗ್ಗದವರು ಒಬ್ಬರನ್ನೊಬ್ಬರು ಕೇಳುವ ಕುಶಲಪ್ರಶ್ನೆಯೇ ‘ಮಂಟಪ ಮುಳುಗಿತಾ?’ ಎಂಬುದು. ಆ ದಡಕ್ಕೆ ಜನ ಬಂದು ಕೂರುವಂಥ ಸಾರ್ವಜನಿಕ ಅಂಗಳವೊಂದನ್ನು ರೂಪಿಸುವುದು ನನ್ನ ವಿಷಯವಾಗಿತ್ತು.

ಆಗ ನನಗೆ ಆಕಾರಗಳ ಹುಚ್ಚು. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ 45 ಡಿಗ್ರಿ ತಿರುಗಿಸಿ ಮೊದಲಿನದರ ಮೇಲೆ ಇಟ್ಟರೆ 8 ಮೂಲೆಯ ನಕ್ಷತ್ರ ಸಿಗುತ್ತದೆ. 22.5 ಡಿಗ್ರಿಯಂತೆ ತಿರುಗಿಸುತ್ತ ನಾಲ್ಕು ಚೌಕ ಇಟ್ಟರೆ 16 ಮೂಲೆ. ಹೊಯ್ಸಳರ ನಕ್ಷತ್ರಾಕಾರದ ಗುಡಿಗಳ ತಳವಿನ್ಯಾಸದ ಹಿಂದಿರುವ ಲೆಕ್ಕ ಇದೇ. ನಾನು 16 ಮೂಲೆಯದನ್ನೇ ಎತ್ತಿ ತಂದು ಹೊಳೆದಡಕ್ಕೆ ಹೊಂದಿಸಿ, ಮೇಲೆ ಗ್ರಾನೈಟ್ ಹಾಸಿ, ಆಕಾಶದಿಂದ ಕಂಡಂತೆ ಬಣ್ಣದ ಚಿತ್ರ ಬರೆದೆ. ಚಿತ್ರ ಚೆನ್ನಾಗಿಯೇ ಇತ್ತು, ಈಗಲೂ ಹಾಗೆಯೇ ಅನ್ನುತ್ತೇನೆ. ಹೊರಗಿನಿಂದ ಬಂದಿದ್ದ ಪರೀಕ್ಷಕರೊಬ್ಬರು ಅದನ್ನು ಬಹಳ ಹೊತ್ತು ನೋಡಿ, ‘ಇದನ್ನು ಅನುಭವಿಸಬೇಕಾದರೆ ಹದ್ದಾಗಿ ಹುಟ್ಟಬೇಕು’ ಎಂದರು. ಕೋಣೆಯಲ್ಲಿ ನಕ್ಕವರ ಮುಖಗಳು ನನಗೆ ಇನ್ನೂ ನೆನಪಿವೆ. ನಾನು ಅನುತ್ತೀರ್ಣಳಾದೆ. ಆ ಪರೀಕ್ಷಕರನ್ನು ನಾಲ್ಕು ತಿಂಗಳು ಮನಸಾರೆ ಬೈದಿದ್ದೇನೆ. ಮೊದಲ ಧನ್ಯವಾದ ಅವರಿಗೆ.

ಸಾಗರದ ಹತ್ತಿರದ ಊರಿಗೆ ಬಂದು ಮೂಲೆ ಹಿಡಿದೆ. ಚಿಕ್ಕಮ್ಮ ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳುಪು, ಕುಂಚಕ್ಕೆ ಪುಂಡಿ ನಾರು. ಅವರ ಎಳೆಗಳ ನೇರಕ್ಕೆ ನನ್ನ ಕಂಪ್ಯೂಟರ್ ನಾಚಬೇಕು. ಒಂದು ಮಧ್ಯಾಹ್ನ ಅವರು ನನ್ನ ನಕ್ಷತ್ರದ ಹಾಳೆಯನ್ನು ಕೈಗೆ ತೆಗೆದುಕೊಂಡು, ‘ಎಳೆ ತಪ್ಪಿಲ್ಲ. ಆದರೆ ಒಳಗೆ ಯಾರೂ ಇಲ್ಲವಲ್ಲ, ಮದುಮಕ್ಕಳು ಎಲ್ಲಿ?’ ಎಂದು ಕೇಳಿದರು. ಹಸೆಗೋಡೆಯ ನಡುವೆ ಮದುಮಕ್ಕಳು ಇರುತ್ತಾರೆ. ಸುತ್ತಲಿನ ತ್ರಿಕೋನ, ಚೌಕ, ಗೆರೆಗಳೆಲ್ಲ ಅವರಿಗಾಗಿ ಕಟ್ಟಿದ ಮನೆ. ಪರೀಕ್ಷಕರು ಹೇಳಿದ್ದೂ ಇದೇ ಮಾತು ಎಂದು ಆ ಕ್ಷಣಕ್ಕೇ ಹೊಳೆಯಲಿಲ್ಲ. ಸಿಟ್ಟು ಬಂದು ಎದ್ದು ಹೋದೆ. ಕ್ಷಮಿಸಿ, ಚಿಕ್ಕಮ್ಮ.

ಜುಲೈನಲ್ಲಿ ಒಂದು ದಿನ ಮಂಟಪ ಮುಳುಗಿತು ಎಂಬ ಸುದ್ದಿ ಬಂತು. ಬಸ್ ಹತ್ತಿ ಹೋದೆ. ಶಿವಮೊಗ್ಗದಲ್ಲಿ ಮಳೆಯೇ ಇರಲಿಲ್ಲ, ಎಳೆಬಿಸಿಲು. ಶೃಂಗೇರಿ, ಆಗುಂಬೆ, ತೀರ್ಥಹಳ್ಳಿಯ ಕಡೆ ಸುರಿದದ್ದೆಲ್ಲ ಗಾಜನೂರು ಅಣೆಕಟ್ಟೆ ದಾಟಿ ಇಲ್ಲಿ ಕೆಂಪಾಗಿ ಹರಿಯುತ್ತಿತ್ತು. ಸೇತುವೆಯ ಮೇಲೆ ಜನವೋ ಜನ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಸುಟ್ಟ ಜೋಳ ತಿನ್ನುವವರು, ಹಿಂದಿನಿಂದ ಹಾರನ್ ಹೊಡೆಯುವ ಲಾರಿಗಳು. ನಾನು ಬರೆದದ್ದು ಹೊಳೆ ಸೊರಗಿದಾಗಿನ ಅಂಗಳ. ಈ ಊರಿನ ಜನ ಹೊಳೆಯ ಬಳಿ ಸೇರುವುದೇ ಹೊಳೆ ಆ ಅಂಗಳವನ್ನು ನುಂಗಿದ ದಿನ. ಸೇತುವೆಯ ಕಂಬಿ ಹಿಡಿದು ನಿಂತಾಗಲೇ ಎರಡನೆಯ ಪ್ರಬಂಧ ಶುರುವಾಯಿತು ಎನ್ನಬಹುದು. ಅದು ನೀರು ಏರಿದಂತೆ ಜನರನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಕಳುಹಿಸುತ್ತ, ತಾನು ಮುಳುಗಲು ಒಪ್ಪಿಕೊಂಡ ಅಂಗಳ.

ಆಮೇಲೆ ಎರಡು ತಿಂಗಳು ನಾನು ಹಾಳೆ ಹಿಡಿದುಕೊಂಡು ದಡದಲ್ಲಿ ಅಲೆದೆ. ನೀರು ಇಳಿದ ಮೇಲೆ ಬಟ್ಟೆ ಒಗೆಯಲು ಬರುತ್ತಿದ್ದ ಅಮ್ಮನೊಬ್ಬರು ನನ್ನ ಹಾಳೆಯನ್ನು ತಲೆಕೆಳಗಾಗಿ ಹಿಡಿದು ನೋಡಿ, ‘ಮೆಟ್ಟಿಲು ಎಷ್ಟು ಎತ್ತರ?’ ಎಂದರು. 15 ಸೆಂಟಿಮೀಟರ್ ಎಂದೆ. ಗೇಣಿಗಿಂತ ಕಡಿಮೆ ಎಂದು ಕೈಯಲ್ಲಿ ತೋರಿಸಿದೆ. ‘ಇಳಿಯುವುದಕ್ಕೆ ಸರಿ. ಕೂತರೆ ಮಂಡಿ ಗಲ್ಲಕ್ಕೆ ಬರುತ್ತದೆ. ಎದ್ದೇಳುವಾಗ ಯಾರ ಕೈ ಹಿಡಿಯಲಿ?’ ಎಂದು ಕೇಳಿ, ತಾವು ಬಟ್ಟೆ ಒಗೆಯುವ ಕಲ್ಲಿನ ಎತ್ತರಕ್ಕೆ ನನ್ನನ್ನು ನಿಲ್ಲಿಸಿ ಅಳೆಸಿದರು. ಆ ರಾತ್ರಿ ಮೆಟ್ಟಿಲುಗಳ ಲೆಕ್ಕವೇ ಬದಲಾಯಿತು. ಇಳಿಯುವ ದಾರಿಯ ಪಕ್ಕದಲ್ಲಿ ಮೂರು ಮೆಟ್ಟಿಲುಗಳನ್ನು ಒಂದಾಗಿ ಸೇರಿಸಿದರೆ 45 ಸೆಂಟಿಮೀಟರ್, ಕುರ್ಚಿಯ ಎತ್ತರ. ಕೂರುವವರಿಗೆ ಕೂರಲು, ಇಳಿಯುವವರಿಗೆ ಇಳಿಯಲು, ಬಕೆಟ್ ಇಡಲು ಒಂದು ಅಂಚು. ಐದು ವರ್ಷದಲ್ಲಿ ಮೆಟ್ಟಿಲಿನ ಬಗ್ಗೆ ನಾನು ಓದಿದ್ದರಲ್ಲಿ ‘ಯಾರ ಕೈ ಹಿಡಿಯಲಿ’ ಎಂಬ ಪ್ರಶ್ನೆ ಎಲ್ಲೂ ಇರಲಿಲ್ಲ.

ಬೀಸುಬಲೆ ಹಾಕುವವರೊಬ್ಬರು ಇನ್ನೂ ನಿರ್ದಯಿ. ನಕ್ಷತ್ರದ ಒಳಮೂಲೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟು, ‘ಇಲ್ಲಿ ಹೂಳು, ಇಲ್ಲಿ ಪ್ಲಾಸ್ಟಿಕ್, ಇಲ್ಲಿ ಸತ್ತ ನಾಯಿ’ ಎಂದು ಎಣಿಸಿದರು. ಹರಿವು ನಿಧಾನವಾಗುವ ಕಡೆ ನೀರು ತಾನು ಹೊತ್ತದ್ದನ್ನು ಇಳಿಸುತ್ತದೆ. ನಾನು ಅಂಥ ಹದಿನಾರು ಮಡಿಲುಗಳನ್ನು ಮಾಡಿಕೊಟ್ಟಿದ್ದೆ. ಕೊನೆಗೆ ನಾಲ್ಕು ಚೌಕಗಳಲ್ಲಿ ಎರಡು ಉಳಿದವು. ಒಂದು ಮಂಟಪದ ಚೌಕಕ್ಕೆ ಸಮಾನಾಂತರ. ಇನ್ನೊಂದನ್ನು ತಿರುಗಿಸಿ, ಸೇತುವೆಯ ಕಂಬಗಳಿಗೆ ಇರುವಂತೆ ಅದರ ಒಂದು ಮೂಲೆಯನ್ನು ಹರಿವಿಗೆ ಎದುರಾಗಿ ಚೂಪುಮೂಗಿನಂತೆ ಇಟ್ಟೆ. ಇವುಗಳ ನಡುವಿನ ಒಳಮೂಲೆಗಳನ್ನೆಲ್ಲ ಇಳಿಜಾರಾಗಿ ತುಂಬಿದೆ. ನಕ್ಷತ್ರ ಹೋಯಿತು. ಸ್ವಲ್ಪ ಅತ್ತಿದ್ದೂ ನಿಜ.

2019ರ ಆಗಸ್ಟ್ ನೆರೆಯಲ್ಲಿ ನೀರು ನುಗ್ಗಿದ ಮನೆಯ ಯಜಮಾನರೊಬ್ಬರು ಗೋಡೆಯ ಮೇಲೆ ಎದೆಯ ಮಟ್ಟದಲ್ಲಿದ್ದ ಕಲೆಯನ್ನು ಸುಣ್ಣ ಬಳಿಯದೆ ಹಾಗೆಯೇ ಉಳಿಸಿಕೊಂಡಿದ್ದರು. ಅಲ್ಲೇ ಕೆಲಸ ಮಾಡುತ್ತಿದ್ದ ಗಾರೆಯವರು ತಮ್ಮ ನೀರುಮಟ್ಟದ ಕೊಳವೆ ಕೊಟ್ಟರು. ಆ ಕಲೆಯಿಂದ ದಡದವರೆಗೆ ಮಟ್ಟ ಇಳಿಸಿಕೊಂಡು ಬರಲು ಎರಡು ದಿನ ಹಿಡಿಯಿತು. ನನ್ನ ಅಂಗಳಕ್ಕೆ ಮೂರು ಹಂತಗಳು ಸಿಕ್ಕಿದ್ದು ಹಾಗೆ: ಮಂಟಪದ ಜಗಲಿಯ ಮಟ್ಟ, ಅದರ ಸೂರಿನ ಮಟ್ಟ, ಆ ಗೋಡೆಯ ಕಲೆಯ ಮಟ್ಟ.

ಮಾರ್ಗದರ್ಶಕಿಗೆ ಒಂದೇ ಸಾಲು ಬರೆದರೆ ಬೇಸರಿಸುವವರಲ್ಲ, ಆದರೂ ಒಂದನ್ನು ಹೇಳಬೇಕು. ನಾನು ಹಂತಗಳನ್ನು ಚಪ್ಪಟೆಯಾಗಿ ಬರೆದಾಗ ಅವರು ಇಟಲಿಯ ಸಿಯೆನಾ ಪಟ್ಟಣದ ಚೌಕದ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿದರು. ಬಿಚ್ಚಿದ ಬೀಸಣಿಗೆಯಂತೆ 9 ಹೋಳು. ಇಡೀ ನೆಲ ಒಂದು ಕಡೆಗೆ ಇಳಿಜಾರು. ಮಳೆನೀರೆಲ್ಲ ತಗ್ಗಿನ ಒಂದೇ ಕಿಂಡಿಗೆ. ‘ಚಪ್ಪಟೆ ನೆಲ ನೀನು ಕಾಗದದಿಂದ ಕಲಿತದ್ದು’ ಎಂದು ಹೇಳಿ ಚಹಾ ತರಿಸಿದರು.

ಆನಂದಪುರದ ಚಂಪಕ ಸರಸಿನಲ್ಲಿ ಟೇಪಿನ ಇನ್ನೊಂದು ತುದಿ ಹಿಡಿದು ಜಿಗಣೆ ಕಚ್ಚಿಸಿಕೊಂಡ ಗೆಳತಿಗೆ ಸಾಲ ಉಳಿದಿದೆ. ಕೆಳದಿ ಅರಸರ ಕಾಲದ ಆ ಕೊಳದ ಜಂಬಿಟ್ಟಿಗೆ ಮೆಟ್ಟಿಲುಗಳನ್ನು ಒಂದು ಇಡೀ ದಿನ ಅಳೆದೆವು. ನಡುವಿನ ಪುಟ್ಟ ಗುಡಿಯನ್ನು ನೋಡುತ್ತ ಜನ ಎಲ್ಲಿ ಕೂರುತ್ತಾರೆ ಎಂದು ಅವಳು ಗುರುತು ಹಾಕಿದ ಪುಸ್ತಕ ನನ್ನ ಬಳಿಯೇ ಇದೆ. ವಾಪಸ್ ಕೊಡುತ್ತೇನೆ.

ಅಪ್ಪ ನನ್ನ ಓದಿನ ವಿಷಯದಲ್ಲಿ ಬಾಯಿ ಹಾಕಿದವರಲ್ಲ. ಮೇಲಿನ ಹಂತಕ್ಕೆ ನೆರಳಿನ ಮರಗಳನ್ನು ಚೌಕದ ಮನೆಗಳಂತೆ ಜೋಡಿಸುತ್ತಿದ್ದಾಗ ಮಾತ್ರ ಹಿಂದೆ ಬಂದು ನಿಂತರು. ನಮ್ಮ ತೋಟದಲ್ಲಿ ಅಡಿಕೆ ಸಸಿಗಳ ಅಂತರ ಒಂಬತ್ತು ಅಡಿಗೆ ಒಂಬತ್ತು ಅಡಿ. ಅಡಿಕೆ ಗೊನೆ ಕೊಯ್ಯುವ ಕೊನೆಗೌಡರು ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಜೋಲಿ ಹೊಡೆದು ದಾಟುವುದು ಈ ಲೆಕ್ಕದ ಮೇಲೆಯೇ. ಆದರೆ ಸಾಲು ಮಾತ್ರ ನೇರ ಉತ್ತರ-ದಕ್ಷಿಣ ಅಲ್ಲ, 35 ಡಿಗ್ರಿ ಪಶ್ಚಿಮಕ್ಕೆ ವಾಲಿರುತ್ತದೆ. ಇಲ್ಲದಿದ್ದರೆ ಮಧ್ಯಾಹ್ನದ ಬಿಸಿಲು ನೈರುತ್ಯದಿಂದ ನುಗ್ಗಿ ಕಾಂಡ ಸುಡುತ್ತದೆ. ವಾಲಿದಾಗ ಒಂದು ಮರಕ್ಕೆ ಇನ್ನೊಂದು ಮರೆಯಾಗುತ್ತದೆ. ‘ಮರಕ್ಕೆ ಇಷ್ಟು ಯೋಚಿಸಿದ್ದೇವೆ, ನೀನು ಮನುಷ್ಯರನ್ನು ಕೂರಿಸುತ್ತಿದ್ದೀಯೆ’ ಎಂದರು ಅಪ್ಪ. ಸಾಲುಗಳನ್ನು ವಾಲಿಸಿದೆ. ಎರಡನೆಯ ಬಾರಿ ಪರೀಕ್ಷಕರು ಹೆಚ್ಚು ಹೊತ್ತು ನಿಂತದ್ದು ಆ ಹಾಳೆಯ ಮುಂದೆ.

ಮರದ ತುಂಡುಗಳನ್ನು ಪುಕ್ಕಟೆ ಕೊಟ್ಟ ಬಡಗಿಯವರಿಗೆ, ಹಾಸ್ಟೆಲಿನಲ್ಲಿ ಅಂಟು ಕಲಸಿದ ಕಿರಿಯರಿಗೆ, ಮುದ್ರಣದ ಹಣವನ್ನು ಇನ್ನೂ ಕೇಳದ ಅಂಗಡಿಯವರಿಗೆ ನಮಸ್ಕಾರ. ಮೂರು ಅಡಿ ಅಗಲದ ಮಾದರಿಯನ್ನು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ದಾಗ ಕಂಡಕ್ಟರ್ ಲಗೇಜ್ ಚೀಟಿ ಹರಿದೇ ಹರಿದರು, ಅದರಲ್ಲಿ ರಿಯಾಯಿತಿ ಇಲ್ಲ. ಆಮೇಲೆ ‘ಇದು ಯಾವ ದೇವಸ್ಥಾನ?’ ಎಂದು ವಿಚಾರಿಸಿ, ಅದಕ್ಕೆ ಒಂದು ಸೀಟು ಬಿಡಿಸಿಕೊಟ್ಟು, ತಮ್ಮ ಶಾಲು ಹೊದಿಸಿದರು. ನಾನು ಗೇರ್ ಪೆಟ್ಟಿಗೆಯ ಪಕ್ಕ ಕೂತು ಬಂದೆ.

ಆ ಮಾದರಿ ಈಗ ಊರಿನ ಮನೆಯ ಜಗಲಿಯಲ್ಲಿದೆ. ಬೆಕ್ಕು ಎರಡನೆಯ ಹಂತದಲ್ಲಿ ಮಲಗುತ್ತದೆ, ಮಂಟಪದ ಸೂರಿನ ಮಟ್ಟದಲ್ಲಿ. ಭಾನುವಾರ ಶಿವಮೊಗ್ಗಕ್ಕೆ ಹೋಗಿ ಬಟ್ಟೆ ಒಗೆಯುವ ಆ ಅಮ್ಮನಿಗೆ ಹೊಸ ಹಾಳೆ ತೋರಿಸಬೇಕು. ಈ ಬಾರಿಯೂ ತಲೆಕೆಳಗಾಗಿಯೇ ಹಿಡಿಯುತ್ತಾರೆ ಎಂದುಕೊಂಡಿದ್ದೇನೆ, ಪೆನ್ಸಿಲ್ ಜೊತೆಗಿಟ್ಟುಕೊಂಡಿದ್ದೇನೆ.